ನಿವೃತ್ತ ಯೋಧ ಭಾವ, ನಿದ್ದೆಯಿಲ್ಲದ ಮನೆ: ಹಾಸನದ ಕಡೆ ಎಲ್ಲಿಂದ ಶುರು ಮಾಡೋದು?

ಆಲೂರು ಕಡೆಯವನು

ನಮ್ಮ ಭಾವ ಸೇನೆಯಲ್ಲಿ 17 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಎರಡು ಸಲ ಕಾಶ್ಮೀರ, ಅದರಲ್ಲೊಮ್ಮೆ ಉಗ್ರರ ವಿರುದ್ಧದ ಪಡೆಯಾದ ರಾಷ್ಟ್ರೀಯ ರೈಫಲ್ಸ್. ಊರಿಗೆ ಬಂದು ನಾಲ್ಕು ವರ್ಷ. ಈಗ ಸೆಕ್ಯೂರಿಟಿ ಕೆಲಸ, ಹೆಚ್ಚಾಗಿ ನೈಟ್ ಡ್ಯೂಟಿ.

ಮನೆಯಲ್ಲಿ ಆಗುತ್ತಿರುವುದು: ಮಲಗುವ ಮುಂಚೆ ಅಗಳಿ ಹಾಕಿದೆಯಾ ಅಂತ ನಾಲ್ಕೈದು ಸಲ ನೋಡ್ತಾರೆ. ನಿದ್ದೆಯಲ್ಲಿ ಕೂಗ್ತಾರೆ. ಮೊನ್ನೆ ಮಗು ಸ್ಟೀಲ್ ತಟ್ಟೆ ಬೀಳಿಸಿದಾಗ ಕೈಯಲ್ಲಿದ್ದ ಚೊಂಬನ್ನು ಗೋಡೆಗೆ ಎಸೆದರು. ಆನೆ ಓಡಿಸೋಕೆ ಪಟಾಕಿ ಹೊಡೆದ ರಾತ್ರಿ ಬೆಳಗಿನ ತನಕ ಹಿತ್ತಲಲ್ಲೇ ನಿಂತಿದ್ದರು. ಮದುವೆ, ನಾಮಕರಣ ಯಾವುದಕ್ಕೂ ಬರಲ್ಲ. ದಿನಾ ರಮ್. ಅಕ್ಕನ ಮೇಲೆ ಇದುವರೆಗೆ ಕೈ ಮಾಡಿಲ್ಲ. ಮನೆಯಲ್ಲಿ ಲೈಸೆನ್ಸ್ ಇರುವ ಒಂಟಿ ನಳಿಗೆ ಕೋವಿ ಇದೆ. ಅಕ್ಕ ತವರಿಗೆ ಬಂದುಬಿಡ್ತೀನಿ ಅಂತಿದ್ದಾಳೆ, ಬಿಟ್ಟು ಬರೋಕೂ ಮನಸ್ಸಿಲ್ಲ.

ಡಾಕ್ಟರ್ ಅಂದರೆ ಭಾವ "ನನಗೇನು ಹುಚ್ಚಾ" ಅಂತಾರೆ. ಪೆನ್ಶನ್‌ಗೆ, ಕೆಲಸಕ್ಕೆ ಕಲ್ಲು ಬೀಳುತ್ತೆ ಅನ್ನೋ ಭಯವೂ ಇದೆ. ಎಲ್ಲಿಗೆ ಕರ್ಕೊಂಡು ಹೋಗೋದು, ಅಲ್ಲಿವರೆಗೆ ಅಕ್ಕ ಮನೆಯಲ್ಲಿ ಏನು ಮಾಡಬೇಕು? ಗೊತ್ತಿರುವವರು ವಿವರವಾಗಿ ಹೇಳಿ.

ಮಲೆನಾಡ ಶುಶ್ರೂಷಕಿ

ಇಲ್ಲಿ ಕೂತು ಕಾಯಿಲೆಗೆ ಹೆಸರಿಡುವುದು ಸರಿಯಲ್ಲ. ಆದರೆ ನೀವು ಬರೆದದ್ದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆಗೆ ಬಹಳ ಹತ್ತಿರ ಇದೆ. ವೈದ್ಯರು ಮುಖ್ಯವಾಗಿ ಮೂರು ನೋಡ್ತಾರೆ. ಆಗಿಹೋದದ್ದು ಈಗಲೇ ಆಗುತ್ತಿದೆ ಅನ್ನಿಸುವುದು. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು. ಅಪಾಯ ಇಲ್ಲದಿದ್ದರೂ ಮೈಯೆಲ್ಲ ಕಾವಲಿಗೆ ನಿಂತಿರುವುದು. ತಟ್ಟೆ ಬಿದ್ದಾಗ ಅವರ ಮೈ ಮೊದಲು ಎದ್ದಿರುತ್ತೆ, ಅದು ತಟ್ಟೆ ಅಂತ ಬುದ್ಧಿಗೆ ಗೊತ್ತಾಗುವುದು ಆಮೇಲೆ. ಗಡಿಯಲ್ಲಿ ಜೀವ ಉಳಿಸಿದ ಅಭ್ಯಾಸ ಅದು.

ಆಸ್ಪತ್ರೆಗಿಂತ ಮೊದಲು ಕೋವಿ. ಕಾಯಿಲೆ, ಕುಡಿತ, ಕೋವಿ ಮೂರೂ ಒಂದೇ ಸೂರಿನಡಿ ಇರಬಾರದು. ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ತೆಗೆದುಕೊಳ್ಳಬಹುದು. ಚುನಾವಣೆ ಬಂದಾಗ ನಮ್ಮ ಕಡೆ ತೋಟದವರೆಲ್ಲ ಇಡುವುದೇ, ಇದರಲ್ಲಿ ಅವಮಾನ ಏನಿಲ್ಲ. "ಮಗು ದೊಡ್ಡದಾಗ್ತಿದೆ, ಎಲ್ಲಾ ಕಡೆ ಕೈ ಹಾಕ್ತದೆ" ಅಂತ ಅವರ ಹತ್ತಿರವೇ ಮಾತಾಡಿ ಅವರ ಕೈಯಿಂದಲೇ ಇಡಿಸಿ. ಕದ್ದು ಸಾಗಿಸಿದರೆ ನಂಬಿಕೆ ಹೋಗುತ್ತೆ. ಲೈಸೆನ್ಸ್ ಅವರ ಹೆಸರಲ್ಲಿರುವಾಗ ನೀವು ಹೊತ್ತುಕೊಂಡು ಓಡಾಡುವುದು ಕಾನೂನಿಗೂ ತಪ್ಪು. ಅದರ ಜೊತೆಗೇ ಕಳೆ ಔಷಧಿ, ಮೈಲುತುತ್ತ, ತೋಟಕ್ಕೆ ಹೊಡೆಯುವ ಬೇರೆ ಔಷಧಿ ಎಲ್ಲವನ್ನೂ ಮನೆಯಿಂದ ದೂರದ ಶೆಡ್ಡಲ್ಲಿಟ್ಟು ಬೀಗ ಹಾಕಿ. ಕೀಲಿ ಬೇರೆ ಮನೆಯಲ್ಲಿರಲಿ. ಮನಸ್ಸು ಕುಸಿದ ಆ ಹತ್ತು ನಿಮಿಷ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತೆ.

"ಸಾಯಬೇಕು ಅನ್ನಿಸ್ತಾ ಇದೆಯಾ" ಅಂತ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬರನ್ನೇ ಬಿಡದೆ ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ರಾತ್ರಿ. ಕನಸಲ್ಲಿ ಕೂಗಿದಾಗ ಅಕ್ಕ ಭುಜ ಹಿಡಿದು ಅಲುಗಿಸಬಾರದು, ಅರೆನಿದ್ದೆಯಲ್ಲಿ ಹೊಡೆತ ಬೀಳುವುದು ಆಗಲೇ. ಎದ್ದು ಕಾಲಿನ ಕಡೆ, ಕೈಗೆಟುಕದಷ್ಟು ದೂರ ನಿಂತು ಮೆಲ್ಲಗೆ ಮಾತಾಡಲಿ: "ರೀ, ನಾನು. ನಮ್ಮ ಮನೇಲಿದೀರಿ. ಲೈಟ್ ಹಾಕ್ತಾ ಇದೀನಿ." ಹೇಳಿದ ಮೇಲೆಯೇ ಲೈಟ್. ಅವರು ಎದ್ದು ಕೂತು ಎರಡೂ ಪಾದ ತಣ್ಣನೆಯ ನೆಲಕ್ಕೆ ಊರಲಿ. ಒಂದು ಲೋಟ ನೀರು ಕೊಟ್ಟು ಇವತ್ತು ಯಾವ ವಾರ, ಹೊರಗೆ ಮಳೆ ಇದೆಯಾ ಅಂತ ಸಣ್ಣ ಮಾತು ಆಡಿ. "ಏನು ಕನಸು ಬಿತ್ತು" ಅಂತ ಆ ಹೊತ್ತಿನಲ್ಲಿ ಬಗೆಯಬೇಡಿ. ಸ್ವಲ್ಪ ದಿನ ಬೇರೆ ಮಂಚ ಅಂತಾದರೂ ಪರವಾಗಿಲ್ಲ, ಯಾಕೆ ಅಂತ ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಂಡಿರಬೇಕು ಅಷ್ಟೇ. ಮಾತಿಲ್ಲದೆ ಮಂಚ ಬೇರೆಯಾದರೆ ಆತ "ನನ್ನನ್ನು ಕಂಡರೆ ಭಯ" ಅಂದುಕೊಳ್ಳುತ್ತಾರೆ, ಆಕೆ "ನಾನು ಬೇಡವಾದೆ" ಅಂದುಕೊಳ್ಳುತ್ತಾಳೆ.

ನೈಟ್ ಡ್ಯೂಟಿ ಈ ಕಾಯಿಲೆಗೆ ಒಳ್ಳೆಯದಲ್ಲ. ಕಾವಲು ಕಾಯುವುದೇ ಕೆಲಸವಾದರೆ ಆ ಮೈ ಇಳಿಯುವುದು ಯಾವಾಗ? ಹಗಲು ಪಾಳಿ ಕೇಳಿ ನೋಡಿ. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ, ನಮ್ಮ ಊರಲ್ಲಿ ಇದು ಕಷ್ಟ ಅಂತ ಗೊತ್ತು.

ಬಹಳ ಜನ ಬಿಟ್ಟುಬಿಡುವ ಎರಡು ವಿಷಯ ಇವೆ. ಒಂದು ಕಿವಿ. ಗುಂಡು, ಸ್ಫೋಟದ ಸದ್ದಿಗೆ ಕಿವಿ ಮಂದವಾಗಿ ಗುಂಯ್‌ಗುಡುವುದು ಸೈನಿಕರಲ್ಲಿ ಸಾಮಾನ್ಯ. ಹೆಂಡತಿ ಹೇಳಿದ್ದು ಕೇಳಿಸದೆ ಸುಮ್ಮನಿದ್ದರೆ ಅಲಕ್ಷ್ಯ ಅನ್ನಿಸಿ ಜಗಳ ಶುರು. ಒಮ್ಮೆ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳಿಸುತ್ತೆ ಅನ್ನುವ ಪರೀಕ್ಷೆ ಮಾಡಿಸಿ. ಇನ್ನೊಂದು ಗೊರಕೆ. ಗೊರಕೆಯ ಮಧ್ಯೆ ಉಸಿರು ನಿಂತು ನಿಂತು ಬರುತ್ತಿದ್ದರೆ ಅದಕ್ಕೇ ಬೇರೆ ಚಿಕಿತ್ಸೆ ಇದೆ. ಅದು ಸರಿಯಾಗದೆ ನಿದ್ದೆ ಸುಧಾರಿಸುವುದಿಲ್ಲ. ಹತ್ತಿರ ಸ್ಫೋಟವಾಗಿ ತಲೆ ಗುಂಗಾದದ್ದು, ಪ್ರಜ್ಞೆ ತಪ್ಪಿದ್ದು ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಹಳೇ ಸುಬೇದಾರ್, ಅರಸೀಕೆರೆ

ಜೈ ಹಿಂದ್ ತಮ್ಮಾ. ಕಾಗದಪತ್ರದ ವಿಷಯ ನಾನು ಹೇಳುತ್ತೇನೆ.

ಭಾವನವರಿಗೆ ಇಸಿಎಚ್‌ಎಸ್ ಕಾರ್ಡ್ ಇದೆಯಾ ನೋಡು. ಮಾಜಿ ಸೈನಿಕರ ಚಿಕಿತ್ಸೆಗೆ 2003ರ ಏಪ್ರಿಲ್‌ನಿಂದ ಇರುವ ಯೋಜನೆ ಇದು, ಹೆಂಡತಿ ಮತ್ತು ಅವಲಂಬಿತ ಮಕ್ಕಳೂ ಸೇರುತ್ತಾರೆ. ಹಾಸನದ ಪಾಲಿಕ್ಲಿನಿಕ್‌ಗೆ ಕಾರ್ಡ್, ಹಳೇ ಡಿಸ್ಚಾರ್ಜ್ ಬುಕ್, ಸೇವೆಯಲ್ಲಿದ್ದಾಗಿನ ಆಸ್ಪತ್ರೆ ಚೀಟಿ ಏನಿದ್ದರೂ ತೆಗೆದುಕೊಂಡು ಹೋಗಿ. ಅಲ್ಲಿನ ಮೆಡಿಕಲ್ ಆಫೀಸರ್ ನೋಡಿ ಮಾನಸಿಕ ತಜ್ಞರಿಗೆ ರೆಫರಲ್ ಬರೆಯುತ್ತಾರೆ. ಜನ ಎಡವುವುದು ಇಲ್ಲೇ: ರೆಫರಲ್ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಆಮೇಲೆ ಬಿಲ್ ಹಿಡಿದು ಬರುತ್ತಾರೆ, ತುರ್ತು ಅಲ್ಲದಿದ್ದರೆ ಹಣ ಸಿಗುವುದಿಲ್ಲ. ರೆಫರಲ್‌ಗೆ ಅವಧಿ ಇರುತ್ತದೆ, ದಿನಾಂಕ ನೋಡಿಕೊಳ್ಳಿ. ಬರೆದ ಮಾತ್ರೆ ಸ್ಟಾಕ್ ಇಲ್ಲದಿದ್ದರೆ ಸುಮ್ಮನೆ ಬರಬೇಡಿ, ಹೊರಗೆ ಪಡೆಯುವ ಕ್ರಮ ಏನು ಅಂತ ಅಲ್ಲೇ ಕೇಳಿ. ನಾಲ್ಕು ದಿನ ಮಾತ್ರೆ ತಪ್ಪಿದರೆ ಚಿಕಿತ್ಸೆಯೇ ಹಳಿ ತಪ್ಪುತ್ತದೆ.

ಕಾರ್ಡ್ ಇಲ್ಲದಿದ್ದರೂ ಕಾಯಬೇಡಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಮೊದಲು ಫೋನ್ ಮಾಡಿ ಹೋಗಿ. ಆಸ್ಪತ್ರೆ ಮೆಟ್ಟಿಲೇ ಹತ್ತುವುದಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಹಗಲು ರಾತ್ರಿ, ಕನ್ನಡದಲ್ಲೇ, ಹಣ ಇಲ್ಲ. ಸೇನೆಯವರಿಗೆ, ಅವರ ಮನೆಯವರಿಗೆ ಅಂತಲೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಬೇರೆ ಟೆಲಿ ಮಾನಸ್ ಘಟಕ ಶುರುವಾಗಿದೆ. ಅಕ್ಕ ಒಬ್ಬರೇ ಫೋನ್ ಮಾಡಿದರೂ ಮಾತಾಡುತ್ತಾರೆ.

ಪೆನ್ಶನ್ ಭಯ ಬೇಡ. ದುಡಿದ ಸೇವೆಯ ಪೆನ್ಶನ್ ಮನೋವೈದ್ಯರನ್ನು ಕಂಡರೆಂದು ನಿಲ್ಲುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿಡುವುದು ಅವರ ಹಕ್ಕು. ಆದರೆ ಕೋವಿ ಲೈಸೆನ್ಸ್ ಬೇರೆ ವಿಷಯ. ಅದರ ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಪ್ರಶ್ನೆ ಬರುತ್ತದೆ. ಬ್ಯಾಂಕ್ ಗಾರ್ಡ್ ಕೆಲಸ ಕೋವಿ ಮೇಲೇ ನಿಂತಿರುವುದರಿಂದ ಎಷ್ಟೋ ಜನ ಕಾಯಿಲೆ ಮುಚ್ಚಿಡುತ್ತಾರೆ. ಭಾವನವರದು ಕೋವಿ ಇಲ್ಲದ ಸೆಕ್ಯೂರಿಟಿ ಕೆಲಸವಾದರೆ ಆ ತೊಡಕಿಲ್ಲ. ಕೋವಿ ಇರುವ ಕೆಲಸವಾದರೆ ಮೊದಲು ಬೇರೆ ಕೆಲಸ ಹುಡುಕಿ. ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಅಂಗವೈಕಲ್ಯ ಪೆನ್ಶನ್ ಇನ್ನೊಂದು ಹಾದಿ, ನಿಧಾನದ ಹಾದಿ. ಮೆಡಿಕಲ್ ಬೋರ್ಡ್ ಆಗಬೇಕು, ಕಾಯಿಲೆ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಹೆಚ್ಚಿದ್ದು ಅಂತ ತೀರ್ಮಾನವಾಗಬೇಕು, ಸಾಮಾನ್ಯವಾಗಿ ಶೇ. 20ಕ್ಕೆ ಕಡಿಮೆ ಇರಬಾರದು. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆ ಇಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿ ಸೇರಿದ ಅಂತಲೇ ಭಾವಿಸಬೇಕು ಎಂದು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರತಿ ಚೀಟಿಯನ್ನೂ ದಿನಾಂಕದ ಕ್ರಮದಲ್ಲಿ ಫೈಲ್ ಮಾಡಿಡಿ. ಆದರೆ ಹಣದ ಫೈಲ್ ಮುಗಿಯಲಿ, ಆಮೇಲೆ ಚಿಕಿತ್ಸೆ ಅಂತ ಮಾತ್ರ ಕೂರಬೇಡಿ.

ಕರೆದುಕೊಂಡು ಹೋಗುವುದು ಹೇಗೆ? "ಮಾನಸಿಕ" ಅನ್ನುವ ಮಾತು ತೆಗೆಯಬೇಡಿ. "ನಿದ್ದೆ ಬರ್ತಿಲ್ಲ, ನಿದ್ದೆಗೆ ತೋರಿಸೋಣ." ಇದು ಸುಳ್ಳಲ್ಲ, ನಿದ್ದೆಗೆಟ್ಟಿರುವುದು ನಿಜ. ಹೆಂಡತಿ ಹೇಳಿದರೆ ದೂರು ಅನ್ನಿಸುತ್ತದೆ. ಅದೇ ಮಾತನ್ನು ಜೊತೆಗಿದ್ದ ಯೂನಿಟ್‌ನವರು ಹೇಳಿದರೆ ಕಿವಿಗೆ ಬೀಳುತ್ತದೆ. ಹಳೇ ಜೊತೆಗಾರ ಒಬ್ಬರ ನಂಬರ್ ಹುಡುಕಿ, ಕುಡಿಯದಿರುವ ಬೆಳಗಿನ ಹೊತ್ತು ನೋಡಿ ಮಾತಾಡಿಸಿ.

ಮಿಲಿಟರಿ ಕ್ಯಾಂಟೀನ್‌ನಲ್ಲಿ ಮದ್ಯದ ಕೋಟಾ ಇದೆ ಅಂತ ರಮ್ ಎತ್ತಲೇಬೇಕಿಲ್ಲ. ಸಾಮಾನು ಮಾತ್ರ ತಂದರೆ ಕಾರ್ಡ್‌ಗೆ ಏನೂ ಆಗುವುದಿಲ್ಲ. ನೆಂಟರಿಗೆ, ಪರಿಚಯದವರಿಗೆ ಬಾಟಲಿ ಕೊಡಿಸುವ ಹಳೇ ಪದ್ಧತಿ ಈ ಮನೆಯಲ್ಲಂತೂ ನಿಲ್ಲಬೇಕು. ಬಾಟಲಿಗಾಗಿ ಭಾವನ ಬಾಗಿಲು ತಟ್ಟುವವರಿಗೆ ನೀವೇ ಹೇಳಿ.

ಔಷಧಿ ಅಂಗಡಿ, ಮೂಡಿಗೆರೆ

ಸುಬೇದಾರ್ ಸಾಹೇಬರ ಮಾತಿಗೆ ಒಂದು ಸೇರಿಸಲೇಬೇಕು. ಕೋಟಾ ನಿಲ್ಲಿಸಿ ಸರಿ, ಆದರೆ ದಿನಾ ಕುಡಿಯುವವರ ಕುಡಿತವನ್ನು ಒಮ್ಮೆಲೇ ಕತ್ತರಿಸಬೇಡಿ. ದೇವರ ಆಣೆ ಇಡಿಸಿ, ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಪ್ರಾಣಕ್ಕೆ ಅಪಾಯ. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ್ದು ಕಾಣುವುದು, ಯಾರು ಎಲ್ಲಿ ಅಂತ ಗೊತ್ತಾಗದಿರುವುದು. ಇದಕ್ಕೆ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿ, ಬಿ1 ವಿಟಮಿನ್ ಕೊಟ್ಟು, ಮಾತ್ರೆ ಹಂತ ಹಂತವಾಗಿ ಇಳಿಸುತ್ತಾ ಬಿಡಿಸುತ್ತಾರೆ. ಎಷ್ಟು ಕುಡೀತಾರೆ ಅಂತ ಡಾಕ್ಟರಿಗೆ ನಿಜ ಹೇಳಿ. ಒಂದು ಕ್ವಾರ್ಟರ್ ಅಂತ ಹೇಳಿ ಮೂರು ಕುಡಿಯುವವರಿಗೆ ಕೊಡುವ ಲೆಕ್ಕವೇ ತಪ್ಪಾಗುತ್ತೆ.

ನಿದ್ದೆಗೆ ಅಂತ ಆಲ್ಪ್ರಜೋಲಾಮ್ ಚೀಟಿ ಇಲ್ಲದೆ ಕೇಳಿಕೊಂಡು ಬರುವವರು ಬಹಳ. ದಯವಿಟ್ಟು ಬೇಡ. ರಮ್ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು, ಬೇಗ ಅಂಟಿಕೊಳ್ಳುತ್ತೆ, ಪಿಟಿಎಸ್‌ಡಿಗಂತೂ ಗುಣ ಕೊಡಲ್ಲ.

ಈ ಕಾಯಿಲೆಗೆ ಮೊದಲು ಬರೆಯುವುದು ಸಾಮಾನ್ಯವಾಗಿ ಸರ್ಟ್ರಾಲಿನ್, ಪ್ಯಾರಾಕ್ಸಿಟಿನ್ ತರಹದ ಮಾತ್ರೆ. ಸರ್ಟ್ರಾಲಿನ್ 25 ಅಥವಾ 50 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತಾರೆ. ಮೊದಲ ಒಂದೆರಡು ವಾರ ಹೊಟ್ಟೆ ತೊಳಸು, ಚಡಪಡಿಕೆ ಇರಬಹುದು. ಗುಣ ಕಾಣೋಕೆ ನಾಲ್ಕರಿಂದ ಆರು ವಾರ ಬೇಕು. ಹತ್ತನೇ ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಡುವವರೇ ಹೆಚ್ಚು. ಯಾರೂ ಮುಂಚೆ ಹೇಳದ ಒಂದು ಮಾತು: ಈ ಮಾತ್ರೆಗಳಿಂದ ದಾಂಪತ್ಯದ ಆಸಕ್ತಿ ಕಮ್ಮಿಯಾಗಬಹುದು, ತಡವಾಗಬಹುದು. ಅದು ಮಾತ್ರೆಯಿಂದ ಅಂತ ಇಬ್ಬರಿಗೂ ಗೊತ್ತಿರಬೇಕು, ಇಲ್ಲದಿದ್ದರೆ ಇನ್ನೊಂದು ಸಂಶಯ ಮನೆಯೊಳಗೆ ಬರುತ್ತೆ. ಡಾಕ್ಟರಿಗೆ ಹೇಳಿದರೆ ಪ್ರಮಾಣವೋ ಮಾತ್ರೆಯೋ ಬದಲಿಸ್ತಾರೆ. ತಾವೇ ನಿಲ್ಲಿಸಬಾರದು.

ಕೆಟ್ಟ ಕನಸಿಗೆ ಕೆಲವರಿಗೆ ಪ್ರಜೋಸಿನ್ ಬರೀತಾರೆ. ಇದು ಬಿಪಿ ಇಳಿಸುವ ಮಾತ್ರೆ. ಮೊದಲ ರಾತ್ರಿ ಬಚ್ಚಲಿಗೆ ಅಂತ ದಡಕ್ಕನೆ ಎದ್ದರೆ ತಲೆ ತಿರುಗಿ ಬೀಳಬಹುದು, ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಏಳಬೇಕು. ಕೆಲವು ದಿನ ತಪ್ಪಿಸಿದ್ದರೆ ಹಳೇ ಪ್ರಮಾಣಕ್ಕೇ ಹೋಗದೆ ಡಾಕ್ಟರನ್ನು ಕೇಳಿ.

ಬೇಲೂರು ಸಮಾಲೋಚಕಿ

ಎಲ್ಲರೂ ಭಾವನ ಬಗ್ಗೆ ಬರೆದಿದ್ದಾರೆ. ನಾನು ಅಕ್ಕನ ಬಗ್ಗೆ ಬರೆಯುತ್ತೇನೆ.

ಇಂಥ ಮನೆಗಳಲ್ಲಿ ಹೆಂಡತಿ ಪ್ರೀತಿಯಿಂದಲೇ ಒಂದು ತಪ್ಪು ಮಾಡುತ್ತಾಳೆ. ಗಂಡನಿಗೆ ಶಬ್ದ ಆಗಲ್ಲ ಅಂತ ಮಕ್ಕಳ ಬಾಯಿ ಮುಚ್ಚಿಸುತ್ತಾಳೆ. ಜನ ಆಗಲ್ಲ ಅಂತ ನೆಂಟರನ್ನು ಬರಬೇಡಿ ಅನ್ನುತ್ತಾಳೆ. ಯಾರಾದರೂ ಕೇಳಿದರೆ "ಅವರಿಗೆ ಹುಷಾರಿಲ್ಲ" ಅಂತ ತಾನೇ ಉತ್ತರಿಸುತ್ತಾಳೆ. ಅಗಳಿ ತಾನೂ ಒಮ್ಮೆ ನೋಡಿ ಬರುತ್ತಾಳೆ. ಅವತ್ತಿನ ರಾತ್ರಿ ಸಮಾಧಾನವಾಗಿ ಕಳೆಯುತ್ತದೆ ನಿಜ. ಆದರೆ ತಪ್ಪಿಸಿಕೊಂಡಷ್ಟೂ ಭಯ ಬಲಿಯುವುದು ಈ ಕಾಯಿಲೆಯ ಗುಣ. ಆರು ತಿಂಗಳಲ್ಲಿ ಇಡೀ ಮನೆ ಕಾಯಿಲೆಯ ಹೇಳಿಕೆಯಂತೆ ನಡೆಯುತ್ತಿರುತ್ತದೆ, ಅಕ್ಕನಿಗೆ ಸಿಟ್ಟು ಒಳಗೇ ಗಂಟು ಕಟ್ಟಿರುತ್ತದೆ. ಬಿಟ್ಟು ಬರುತ್ತೇನೆ ಅನ್ನುವ ಮಾತು ಅಲ್ಲಿಂದ ಬರುತ್ತಿರಬಹುದು.

ಹಾಗಂತ ಎಲ್ಲವನ್ನೂ ಒಂದೇ ದಿನ ನಿಲ್ಲಿಸಿ ಅಂತಲ್ಲ. ಒಂದೊಂದನ್ನೇ, ಮೊದಲೇ ಮಾತಾಡಿಕೊಂಡು. ಅಗಳಿಯನ್ನು ಇಬ್ಬರೂ ಸೇರಿ ಒಮ್ಮೆ ಹಾಕಿ "ಹಾಕಿ ಆಯ್ತು" ಅಂತ ಹೇಳಿ ಮಲಗುವುದು. ಅವರು ಎರಡನೇ ಸಲ ಎದ್ದರೆ ಅಕ್ಕ ತಡೆಯುವುದೂ ಬೇಡ, ಜೊತೆಗೆ ಏಳುವುದೂ ಬೇಡ. ಮಕ್ಕಳು ಹಗಲಲ್ಲಿ ಆಡಲಿ, ಪಾತ್ರೆ ಸದ್ದು ಆಗಲಿ. ಕುಕ್ಕರ್ ಕೂಗುವ ಮೊದಲು, ಮಿಕ್ಸಿ ಹಾಕುವ ಮೊದಲು ಒಂದು ಮಾತು ಹೇಳಿದರೆ ಸಾಕು.

ಸಿಟ್ಟು ಬರುವಾಗ "ವಿರಾಮ" ಅಂತ ಒಂದು ಒಪ್ಪಂದ ಇರಲಿ. ತಣ್ಣಗಿರುವ ದಿನ ಕೂತು ಮಾಡಿಕೊಳ್ಳಬೇಕು. ಯಾರಾದರೂ ಒಬ್ಬರು ಕೈಯೆತ್ತಿ "ಅರ್ಧ ಗಂಟೆ" ಅಂದರೆ ಮಾತು ಅಲ್ಲಿಗೆ ನಿಲ್ಲಬೇಕು. ಎಲ್ಲಿಗೆ ಹೋಗುತ್ತಾರೆ ಅನ್ನುವುದೂ ಮೊದಲೇ ಗೊತ್ತಿರಬೇಕು: ಕಣದ ಕಡೆ ನಡಿಗೆ ಸರಿ, ಬೈಕ್ ಬೇಡ, ಬಾರ್ ಬೇಡ. ಇದು ಕೆಡುವುದು ಎರಡು ಕಡೆ. ಹೆಂಡತಿ ಉತ್ತರ ಬೇಕು ಅಂತ ಹಿಂದೆಯೇ ಹೋಗುತ್ತಾಳೆ, ಇಲ್ಲವೇ ಗಂಡ ಅರ್ಧ ಗಂಟೆ ಅಂತ ಹೋದವನು ರಾತ್ರಿ ಬರುತ್ತಾನೆ. ಹೇಳಿದ ಹೊತ್ತಿಗೆ ವಾಪಸ್ ಬರುವುದು, ಬಂದು ಬಿಟ್ಟ ಮಾತನ್ನು ಮುಗಿಸುವುದು, ಇವೆರಡು ಇಲ್ಲದಿದ್ದರೆ ಅದು ಬರೀ ಎದ್ದುಹೋಗುವುದಾಗುತ್ತದೆ.

ಕಾಯಿಲೆ ಕಾರಣ ಆಗಬಹುದು, ರಿಯಾಯಿತಿ ಆಗಬಾರದು. ಕುತ್ತಿಗೆಗೆ ಕೈ ಹಾಕಿದರೆ, ಕತ್ತಿ ಕೋವಿ ತೋರಿಸಿ ಹೆದರಿಸಿದರೆ, ಮಕ್ಕಳಿಗೆ ಪೆಟ್ಟಾದರೆ ಅಕ್ಕ ಅವತ್ತೇ ಹೊರಡಬೇಕು. 112 ಪೊಲೀಸ್, 181 ಮಹಿಳಾ ಸಹಾಯವಾಣಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ರಕ್ಷಣಾಧಿಕಾರಿ. ದೂರು ಕೊಟ್ಟರೆ ಮದುವೆ ಮುರಿದಂತೆ ಅಲ್ಲ, ಮನೆಯಲ್ಲಿ ಇರುವ ಹಕ್ಕನ್ನೂ ರಕ್ಷಣೆಯನ್ನೂ ಅದರಲ್ಲೇ ಕೇಳಬಹುದು. ಆಧಾರ್, ಇಸಿಎಚ್‌ಎಸ್ ಕಾರ್ಡ್, ಪಿಪಿಒ (ಪೆನ್ಶನ್ ಆದೇಶ) ನಕಲು, ಪಾಸ್‌ಬುಕ್, ಮಕ್ಕಳ ಶಾಲೆ ಕಾಗದ, ಸ್ವಲ್ಪ ನಗದು ಒಂದು ಚೀಲದಲ್ಲಿ ನಿಮ್ಮ ಮನೆಯಲ್ಲಿ ಈಗಲೇ ಇರಲಿ. ಚೊಂಬು ಗೋಡೆಗೆ ಹೋಗಿದೆ ಅಂದಿರಿ, ಅದನ್ನು ನಾನು ಸಣ್ಣದು ಅಂತ ಬಿಡುವುದಿಲ್ಲ.

ಅಕ್ಕನೂ ಅದೇ ಇಸಿಎಚ್‌ಎಸ್‌ನಲ್ಲಿ ತನಗಾಗಿ ತೋರಿಸಿಕೊಳ್ಳಬಹುದು. ನಿದ್ದೆಗೆಟ್ಟಿರುವುದು ಇಬ್ಬರದೂ.

ಆಲೂರು ಕಡೆಯವನು

ಎಲ್ಲರಿಗೂ ಕೈ ಮುಗಿದೆ. ಕೋವಿ ವಿಷಯ ಭಾವನ ಹತ್ತಿರ ಮಾತಾಡಿದೆ, ಮಗುವಿನ ನೆಪಕ್ಕೆ ಒಪ್ಪಿದ್ದಾರೆ. ಇನ್ನೆರಡು ಪ್ರಶ್ನೆ. ಮಾತ್ರೆ ಬಿಟ್ಟು ಬೇರೆ ಚಿಕಿತ್ಸೆ ಅಂದರೆ ಏನು ಮಾಡ್ತಾರೆ? ಮಾಘದಲ್ಲಿ ನನ್ನ ಮದುವೆ ಇದೆ, ಭಾವ ಛತ್ರಕ್ಕೆ ಬರುವ ಹಾಗೆ ಮಾಡಬಹುದಾ?

ಬೇಲೂರು ಸಮಾಲೋಚಕಿ

ಮಾತಿನ ಚಿಕಿತ್ಸೆಯೇ ಇದಕ್ಕೆ ಮೂಲ ಚಿಕಿತ್ಸೆ. ಆದದ್ದನ್ನು ತರಬೇತಿ ಪಡೆದ ಸೈಕಾಲಜಿಸ್ಟ್ ಮುಂದೆ ಕ್ರಮವಾಗಿ ಹೇಳುತ್ತಾ, ಹೆದರಿ ಬಿಟ್ಟ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ವಿಧಾನದಲ್ಲಿ ಸುಮಾರು 8ರಿಂದ 15 ಭೇಟಿ, ಒಂದೊಂದು ಒಂದೂವರೆ ಗಂಟೆ. "ನನ್ನಿಂದಲೇ ಅವನು ಸತ್ತ" ಎಂಬಂಥ ಯೋಚನೆಗಳನ್ನು ಬಿಡಿಸಿ ನೋಡುವ ಇನ್ನೊಂದು ವಿಧಾನಕ್ಕೆ 12 ಭೇಟಿ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾಡುವ, ಪಿಟಿಎಸ್‌ಡಿಗಾಗಿಯೇ ರೂಪಿಸಿದ 15 ಭೇಟಿಗಳ ಚಿಕಿತ್ಸೆಯೂ ಇದೆ. ಜಿಲ್ಲೆಯಲ್ಲಿ ಇದು ಹೆಸರು ಹಿಡಿದು ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ರೆಫರಲ್ ಕೇಳಿ. ಶುರುವಿನ ಕೆಲವು ವಾರ ಕನಸು ಹೆಚ್ಚಾಗಬಹುದು, ಆಗ ಬಿಟ್ಟುಬಿಡುವವರು ಬಹಳ. ಮನೆಯವರು ಮಾತ್ರ ಯುದ್ಧದ ಕಥೆ ಕೆದಕಿ ಬಾಯಿ ಬಿಡಿಸುವ ಕೆಲಸಕ್ಕೆ ಹೋಗಬಾರದು.

ಮದುವೆಗೆ ಈಗಿನಿಂದಲೇ ಚಿಕಿತ್ಸಕರ ಜೊತೆ ಕೂತು ಏಣಿ ಹಾಕಿ. ಮೊದಲ ಮೆಟ್ಟಿಲು, ಜನ ಇಲ್ಲದ ದಿನ ಖಾಲಿ ಛತ್ರ ಸುತ್ತಿ ನೋಡಿ ಬರುವುದು. ಆಮೇಲೆ ವಾರದ ಸಂತೆಯಲ್ಲಿ ಬೆಳಗಿನ ಹೊತ್ತು 20 ನಿಮಿಷ. ಆಮೇಲೆ ಯಾರದೋ ಚಿಕ್ಕ ಗೃಹಪ್ರವೇಶ. ಪ್ರತಿ ಮೆಟ್ಟಿಲಲ್ಲೂ ಭಯ ಏರಿ ತಾನಾಗಿ ಸ್ವಲ್ಪ ಇಳಿಯುವ ತನಕ ನಿಲ್ಲಬೇಕು. ಏರಿದಾಗಲೇ ಎದ್ದು ಬಂದರೆ ಮುಂದಿನ ಸಲ ಇನ್ನೂ ಕಷ್ಟ. ಕುಡಿದು ಹೋದರೆ ಆ ಮೆಟ್ಟಿಲು ಲೆಕ್ಕಕ್ಕಿಲ್ಲ. ಮದುವೆ ದಿನ ಮುಹೂರ್ತಕ್ಕೆ ಬಂದರೆ ಸಾಕು, ರಿಸೆಪ್ಷನ್ ಬಿಡಿ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಕುರ್ಚಿ ಕೊಡಿ. ಮುಂದೆ ಅದನ್ನೂ ಬಿಡಿಸಬೇಕು, ಈಗ ಇರಲಿ. ವಾಲಗದವರಿಂದ, ಮೈಕ್‌ನಿಂದ ದೂರ ಇರಲಿ. ಮೆರವಣಿಗೆಯಲ್ಲಿ ಪಟಾಕಿ ಬೇಡ ಅಂತ ನೀವು ಮದುಮಗನೇ ಹೇಳಿದರೆ ಯಾರೂ ಎದುರಾಡುವುದಿಲ್ಲ.

ಮಲೆನಾಡ ಶುಶ್ರೂಷಕಿ

ಆನೆ ಪಟಾಕಿಗೂ ಹೀಗೇ. ಆನೆ ಯಾವ ಕಡೆ ಇದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ವಾಟ್ಸಾಪ್ ಗುಂಪುಗಳಲ್ಲಿ ಹಾಕುತ್ತಾರೆ. ನೀವು ಆ ಗುಂಪಲ್ಲಿದ್ದು ಸಂಜೆಯೇ ಭಾವನಿಗೆ ಹೇಳಿ, "ಇವತ್ತು ರಾತ್ರಿ ಸದ್ದು ಆಗಬಹುದು." ಸದ್ದು ಅಷ್ಟೇ ಇರುತ್ತೆ, ಬೆಚ್ಚುವುದು ಕಡಿಮೆಯಾಗುತ್ತೆ. ಹಿತ್ತಲಿಗೆ ಮಾತ್ರ ಬಿಡಬೇಡಿ, ಆನೆ ಇರುವ ರಾತ್ರಿ ಅದು ಬೇರೆಯದೇ ಅಪಾಯ.

ಮೊದಲ ಭೇಟಿಗೆ ಒಂದು ಹಾಳೆ ಬರೆದುಕೊಂಡು ಹೋಗಿ. ಕಳೆದ ಒಂದು ತಿಂಗಳಲ್ಲಿ ಎಷ್ಟು ರಾತ್ರಿ ಕನಸು, ಎಷ್ಟು ಗಂಟೆ ನಿದ್ದೆ, ದಿನಕ್ಕೆ ಎಷ್ಟು ಕುಡಿತ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ತಲೆಗೆ ಬಿದ್ದ ಪೆಟ್ಟು, ಕಿವಿ, ಗೊರಕೆ, ಕೋವಿ ಎಲ್ಲಿದೆ. ಅರ್ಧ ಹಾಳೆ ಭಾವ ಬರೆಯಲಿ, ಅರ್ಧ ಅಕ್ಕ. ಒಬ್ಬರದನ್ನು ಒಬ್ಬರು ತಿದ್ದುವುದು ಬೇಡ, ಎರಡನ್ನೂ ಹಾಗೇ ಡಾಕ್ಟರ್ ಕೈಗೆ ಕೊಡಿ. ಪಿಟಿಎಸ್‌ಡಿ ಲಕ್ಷಣ ಎಷ್ಟಿದೆ ಅಂತ ಅಳೆಯಲು 20 ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟು 80ಕ್ಕೆ ಅಂಕ ಹಾಕುವುದೂ ಉಂಟು. ಆ ಅಂಕ ಬರೆದಿಟ್ಟುಕೊಳ್ಳಿ, ಎರಡು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿದಾಗ ಹೋಲಿಸಿ ನೋಡಲು ಬೇಕಾಗುತ್ತೆ.